ನಾರ್ವೆಯ ನೂರಕ್ಕೊಂದು ಪಾಲು: ಕಾರವಾರದ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ನಾರ್ವೆ ಸರ್ಕಾರ ತನ್ನ ರಾಷ್ಟ್ರೀಯ ಆದಾಯದ ನೂರರಲ್ಲಿ ಒಂದು ಪಾಲನ್ನು ಬಡ ದೇಶಗಳ ಅಭಿವೃದ್ಧಿಗೆ ಕೊಡುತ್ತಿರುವುದನ್ನು ಮೆಚ್ಚಿ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಟಿಪ್ಪಣಿಯನ್ನು ಓದಿ ನೀವು ಬರೆದ ಪತ್ರ ತಲುಪಿದೆ. ತೈಲದ ಹಣ ರಾಶಿ ಬಿದ್ದಿರುವ, ಸುಮಾರು 55 ಲಕ್ಷ ಜನರಷ್ಟೇ ಇರುವ ದೇಶ ನೂರಕ್ಕೆ ಒಂದನ್ನು ಕೊಟ್ಟರೆ ಅದರಲ್ಲಿ ಔದಾರ್ಯವೇನಿದೆ ಎಂದು ನೀವು ಕೇಳಿದ್ದೀರಿ. ಇಂಥ ನೆರವು ಕೊನೆಗೆ ಕೊಟ್ಟವರ ಸರಕು ಮಾರುವ ದಾರಿಯೇ ಆಗುತ್ತದೆ ಎಂದಿದ್ದೀರಿ. ಕೇರಳದ ಕೊಲ್ಲಂ ಸಮೀಪದ ನೀಂಡಕರದಲ್ಲಿ ಆರಂಭವಾಗಿ ಮುಂದೆ ನಿಮ್ಮ ಊರಿಗೂ ಬಂದ ಇಂಡೋ–ನಾರ್ವೇಜಿಯನ್ ಮೀನುಗಾರಿಕೆ ಯೋಜನೆಯನ್ನು ನೆನಪಿಸಿ, ಆಮೇಲೆಯೇ ನಮ್ಮ ಕರಾವಳಿಯಲ್ಲಿ ಊರವರು ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆಗಳು ಮೂಲೆ ಸೇರಿದವು ಎಂದು ಬರೆದಿದ್ದೀರಿ. ಕೊಡುವವರ ಲೆಕ್ಕಪುಸ್ತಕ ನೋಡಿ ಹೊಗಳುವ ಮೊದಲು ಪಡೆದವರ ದಡಕ್ಕೊಮ್ಮೆ ಬನ್ನಿ ಎಂಬುದು ನಿಮ್ಮ ಕೊನೆಯ ಸಾಲು. ನಿಮ್ಮ ಆಕ್ಷೇಪಗಳಲ್ಲಿ ಒಂದನ್ನು ನಾನು ಒಪ್ಪುವುದಿಲ್ಲ, ಒಂದನ್ನು ಅರ್ಧ ಒಪ್ಪುತ್ತೇನೆ, ಮೂರನೆಯದು ಈ ಇಡೀ ವಿಷಯದ ತಿರುಳು ಎಂದೇ ಭಾವಿಸುತ್ತೇನೆ. ಆದ್ದರಿಂದ ಉತ್ತರ ಉದ್ದವಾಗಿದೆ.

ಮೊದಲು ಮೊತ್ತದ ಮಾತು. 2024ರಲ್ಲಿ ನಾರ್ವೆಯ ಅಧಿಕೃತ ಅಭಿವೃದ್ಧಿ ನೆರವು ಅದರ ಒಟ್ಟು ರಾಷ್ಟ್ರೀಯ ಆದಾಯದ ಶೇ 1.02ರಷ್ಟಿತ್ತು, ಮೊತ್ತದಲ್ಲಿ ಸುಮಾರು 5,500 ಕೋಟಿ ಕ್ರೋನ್. ಒಂದು ಕ್ರೋನ್‌ಗೆ 8 ರೂಪಾಯಿ ಎಂದು ಹಿಡಿದರೂ ಇದು 44 ಸಾವಿರ ಕೋಟಿ ರೂಪಾಯಿ ಆಗುತ್ತದೆ; ಕೂಸಿನಿಂದ ಮುದುಕರವರೆಗೆ ಪ್ರತಿ ನಾರ್ವೇಜಿಯನ್ನರ ಲೆಕ್ಕದಲ್ಲಿ ವರ್ಷಕ್ಕೆ ಹತ್ತಿರಹತ್ತಿರ 80 ಸಾವಿರ ರೂಪಾಯಿ. ಅದೇ ವರ್ಷ ಮೊತ್ತದಲ್ಲಿ ಎಲ್ಲರಿಗಿಂತ ಹೆಚ್ಚು ಕೊಟ್ಟ ಅಮೆರಿಕದ ಪಾಲು ಅದರ ಆದಾಯದ ಶೇ 0.22 ಮಾತ್ರ. ಶ್ರೀಮಂತ ದೇಶಗಳು ಶೇ 0.7ರಷ್ಟನ್ನಾದರೂ ಕೊಡಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 1970ರ ಅಕ್ಟೋಬರ್‌ನಲ್ಲಿ ನಿರ್ಣಯ ಮಾಡಿತ್ತು. ಐದು ದಶಕಗಳ ನಂತರ, 2024ರಲ್ಲಿ, ಶ್ರೀಮಂತ ದಾನಿ ದೇಶಗಳ ಕೂಟದಲ್ಲಿ ಆ ಗೆರೆ ದಾಟಿದ್ದವು ನಾಲ್ಕೇ ದೇಶಗಳು: ನಾರ್ವೆ, ಲಕ್ಸೆಂಬರ್ಗ್, ಸ್ವೀಡನ್ ಮತ್ತು ಡೆನ್ಮಾರ್ಕ್. ನಾರ್ವೆ ಅದನ್ನು ಮೊದಲು ದಾಟಿದ್ದು 1976ರಲ್ಲಿ. ಆಮೇಲೆ ಒಂದು ವರ್ಷವೂ ಅದರ ಕೆಳಗೆ ಇಳಿದಿಲ್ಲ. ಬಲಪಂಥದ ಸರ್ಕಾರ ಬಂದಿದೆ, ಎಡಪಂಥದ್ದು ಬಂದಿದೆ, ತೈಲದ ಬೆಲೆ ಪಾತಾಳಕ್ಕೆ ಕುಸಿದಿದೆ. ಕೊಟ್ಟ ಮಾತು ಮಾತ್ರ ತಪ್ಪಿಲ್ಲ. ಜಗತ್ತಿನ ರಾಜಕೀಯದಲ್ಲಿ ಅರ್ಧ ಶತಮಾನ ಉಳಿದುಬಂದ ಮಾತುಗಳು ಎಷ್ಟಿವೆ ಎಂದು ಎಣಿಸಿದರೆ ಇದರ ತೂಕ ತಿಳಿಯುತ್ತದೆ.

ತೈಲವಿದ್ದುದರಿಂದ ಕೊಟ್ಟರು ಎಂಬ ಮಾತನ್ನು ನಾನು ಒಪ್ಪದಿರುವುದು ಇತಿಹಾಸದ ಕಾರಣಕ್ಕೆ. ಉತ್ತರ ಸಮುದ್ರದ ಎಕೊಫಿಸ್ಕ್ ತೈಲಕ್ಷೇತ್ರ ಸಿಕ್ಕಿದ್ದು 1969ರ ಕೊನೆಯಲ್ಲಿ. ನಾರ್ವೆಯ ಸಂಸತ್ತು ಭಾರತಕ್ಕಾಗಿ ನೆರವಿನ ನಿಧಿಯನ್ನು ತೆರೆದದ್ದು 1952ರಲ್ಲಿ, ಅಂದರೆ ತೈಲಕ್ಕಿಂತ ಹದಿನೇಳು ವರ್ಷ ಮೊದಲು. ಆಗ ಜರ್ಮನಿಯ ಐದು ವರ್ಷದ ಆಕ್ರಮಣದಿಂದ ಚೇತರಿಸಿಕೊಳ್ಳುತ್ತಿದ್ದ ನಾರ್ವೆ ಸ್ವತಃ, ಯುದ್ಧದಲ್ಲಿ ನೊಂದ ಯುರೋಪನ್ನು ಮತ್ತೆ ಕಟ್ಟಲು ಅಮೆರಿಕ ರೂಪಿಸಿದ ಮಾರ್ಷಲ್ ಯೋಜನೆಯ ಹಣ ಪಡೆಯುತ್ತಿತ್ತು. ಅಲ್ಲಿನ ಅಂಗಡಿಗಳಲ್ಲಿ ಸಕ್ಕರೆಗೂ ಕಾಫಿಗೂ ಇದ್ದ ಪಡಿತರ ಚೀಟಿ ರದ್ದಾದದ್ದು ಆ ವರ್ಷವೇ; ಸಾಮಾನ್ಯ ನಾಗರಿಕ ಅನುಮತಿಯಿಲ್ಲದೆ ಕಾರು ಕೊಳ್ಳುವಂತಾಗಲು 1960ರವರೆಗೆ ಕಾಯಬೇಕಾಯಿತು. ಒಂದು ಕೈಯಲ್ಲಿ ನೆರವು ಪಡೆಯುತ್ತಲೇ ಇನ್ನೊಂದು ಕೈಯಲ್ಲಿ ಕೊಡಲು ಹೊರಟ ಆ ದೇಶದ ಉದ್ದೇಶ ಶುದ್ಧ ಕರುಣೆಯಷ್ಟೇ ಆಗಿರಲಿಲ್ಲ ಎಂಬುದು ನಿಜ. 1949ರಲ್ಲಿ ನೇಟೋ ಸೇನಾ ಒಕ್ಕೂಟ ಸೇರಿ ಶಸ್ತ್ರಾಸ್ತ್ರಕ್ಕೆ ಸುರಿಯುತ್ತಿದ್ದ ಹಣದ ಬಗ್ಗೆ ಆಳುವ ಲೇಬರ್ ಪಕ್ಷದೊಳಗೇ ಅಸಮಾಧಾನವಿತ್ತು. ಶಾಂತಿಗಾಗಿಯೂ ಏನಾದರೂ ಮಾಡುತ್ತಿದ್ದೇವೆ ಎಂದು ತೋರಿಸಲು ಭಾರತದ ನಿಧಿ ನೆರವಾಯಿತು ಎಂದು ಆ ದೇಶದ ಇತಿಹಾಸಕಾರರೇ ಬರೆದಿದ್ದಾರೆ. ಬೆರಕೆಯ ಉದ್ದೇಶದಿಂದ ಹುಟ್ಟಿದ ಕೆಲಸವೂ ಒಳ್ಳೆಯದಾಗಬಲ್ಲದು ಎಂದು ನಂಬುವವನು ನಾನು. ಹಾಗಾಗಿ ಉದ್ದೇಶದ ತನಿಖೆಯನ್ನು ಅಲ್ಲಿಗೇ ಬಿಡುತ್ತೇನೆ.

ಆದರೆ ಇಂದಿನ ನಾರ್ವೆಯ ವಿಷಯದಲ್ಲಿ ನಿಮ್ಮ ಆಕ್ಷೇಪಕ್ಕೆ ಬಲವಿದೆ. ತೈಲ ಮತ್ತು ಅನಿಲದ ಗಳಿಕೆಯನ್ನು ಮುಂದಿನ ಪೀಳಿಗೆಗೆಂದು ಕೂಡಿಡುವ ಅಲ್ಲಿನ ಸರ್ಕಾರಿ ನಿಧಿಯಲ್ಲಿ ಈಗ ಸುಮಾರು 20 ಲಕ್ಷ ಕೋಟಿ ಕ್ರೋನ್ ಇದೆ. ಜಗತ್ತಿನ ಷೇರುಪೇಟೆಗಳಲ್ಲಿರುವ ಕಂಪನಿಗಳ ಸರಾಸರಿ ಶೇ 1.5ರಷ್ಟು ಒಡೆತನ ಈ ಪುಟ್ಟ ದೇಶದ್ದು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿ ಯುರೋಪಿನಲ್ಲಿ ಅನಿಲದ ಬೆಲೆ ಗಗನಕ್ಕೇರಿದಾಗ ಆ ಒಂದೇ ವರ್ಷದಲ್ಲಿ ನಾರ್ವೆಯ ಬೊಕ್ಕಸಕ್ಕೆ ತೈಲ–ಅನಿಲದಿಂದ ಬಂದದ್ದು 1.2 ಲಕ್ಷ ಕೋಟಿ ಕ್ರೋನ್‌ಗೂ ಹೆಚ್ಚು. ಆ ವರ್ಷ ನೆರವಿನ ಮೊತ್ತವೂ ಏರಿತು, ಆದರೆ ಆದಾಯ ಅದಕ್ಕಿಂತ ಎಷ್ಟೋ ವೇಗವಾಗಿ ಏರಿದ್ದರಿಂದ ಪಾಲು ಶೇ 0.86ಕ್ಕೆ ಇಳಿಯಿತು. ಅಂದರೆ ನಾರ್ವೆ ಹಿಂದೆಂದೂ ಕಾಣದಷ್ಟು ಗಳಿಸಿದ ವರ್ಷದಲ್ಲೇ ನೂರಕ್ಕೊಂದರ ಪಾಲನ್ನು ಮುಟ್ಟಲಿಲ್ಲ. ಬೇರೆಯವರ ಯುದ್ಧದಿಂದ ಬಂದ ಲಾಭ ಇದು ಎಂಬ ಟೀಕೆ ಅಲ್ಲಿಯೇ ಎದ್ದಿತು. 2023ರ ಫೆಬ್ರುವರಿಯಲ್ಲಿ ಉಕ್ರೇನಿಗೆ ಐದು ವರ್ಷಗಳಲ್ಲಿ 7,500 ಕೋಟಿ ಕ್ರೋನ್ ಕೊಡುವ ನಾನ್ಸೆನ್ ಕಾರ್ಯಕ್ರಮವನ್ನು ಘೋಷಿಸಲಾಯಿತು, ಮುಂದೆ ಆ ಮೊತ್ತವನ್ನು ಬಹಳ ಹೆಚ್ಚಿಸಲಾಯಿತು. ಕಷ್ಟದ ದಿನಗಳಲ್ಲಿ ಕೊಟ್ಟ 1952ರ ಸಣ್ಣ ನಿಧಿಯನ್ನೂ ಸಮೃದ್ಧಿಯಲ್ಲಿ ಕೊಟ್ಟ 2022ರ ದೊಡ್ಡ ಮೊತ್ತವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಇಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ.

ಶೇಕಡಾವಾರು ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಧಿಕೃತ ನೆರವು ಎಂದರೆ ಬಡ ದೇಶದ ನೆಲಕ್ಕೆ ಮುಟ್ಟಿದ ಹಣವಷ್ಟೇ ಅಲ್ಲ. ತಮ್ಮಲ್ಲಿಗೆ ಬಂದ ನಿರಾಶ್ರಿತರಿಗೆ ಮೊದಲ ಹನ್ನೆರಡು ತಿಂಗಳು ಮಾಡುವ ವೆಚ್ಚವನ್ನೂ ನೆರವಿನ ಖಾತೆಗೆ ಬರೆಯಲು ದಾನಿ ದೇಶಗಳು ತಾವೇ ಮಾಡಿಕೊಂಡ ನಿಯಮ ಅವಕಾಶ ಕೊಡುತ್ತದೆ. ಸಿರಿಯಾದ ನಿರಾಶ್ರಿತರು ದೊಡ್ಡ ಸಂಖ್ಯೆಯಲ್ಲಿ ಬಂದ ಮೇಲೆ, 2016ರಲ್ಲಿ, ನಾರ್ವೆಯ ನೆರವಿನ ಐದನೇ ಒಂದರ ಹತ್ತಿರದ ಪಾಲು ನಾರ್ವೆಯೊಳಗೇ ಖರ್ಚಾಯಿತು. ನಿರಾಶ್ರಿತರಿಗೆ ಸೂರು ಕೊಡುವುದು ಮಾನವೀಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಖರ್ಚಿನಿಂದ ಆಫ್ರಿಕಾದ ಮಲಾವಿಯ ಹಳ್ಳಿಯಲ್ಲಿ ಒಂದು ಶಾಲೆಯೂ ಏಳುವುದಿಲ್ಲ. ದಾನಿ ದೇಶದ ಬಜೆಟ್ಟಿನಿಂದ ಹೊರಟ ಹಣದ ಲೆಕ್ಕ ಹೇಳುವ ಆ ಅಂಕಿ, ಅದು ಯಾರಿಗೆ ತಲುಪಿತು, ತಲುಪಿ ಏನು ಮಾಡಿತು ಎಂಬುದನ್ನು ಹೇಳುವುದಿಲ್ಲ. ಅದನ್ನು ತಿಳಿಯಲು ನೀವು ಹೇಳಿದಂತೆ ದಡಕ್ಕೇ ಹೋಗಬೇಕು.

1952ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ, ಭಾರತ ಮತ್ತು ನಾರ್ವೆ ಮಾಡಿಕೊಂಡ ತ್ರಿಪಕ್ಷೀಯ ಒಪ್ಪಂದದಂತೆ ಅಂದಿನ ತಿರುವಾಂಕೂರು–ಕೊಚ್ಚಿ ರಾಜ್ಯದ ನೀಂಡಕರ ಮತ್ತು ಶಕ್ತಿಕುಳಂಗರ ಗ್ರಾಮಗಳನ್ನು ಆರಿಸಲಾಯಿತು. ನಾರ್ವೆ ಮೀನುಗಾರರ ದೇಶ. ತನಗೆ ಗೊತ್ತಿರುವ ಕೆಲಸದಲ್ಲೇ ನೆರವಾಗಲು ಅದು ಬಯಸಿತು. ಯಂತ್ರದ ದೋಣಿಗಳು, ದೋಣಿ ಕಟ್ಟುವ ಅಂಗಳ, ಐಸ್ ಘಟಕ, ಆರೋಗ್ಯ ಕೇಂದ್ರ, ಕೊಳವೆಯಲ್ಲಿ ಬರುವ ಶುದ್ಧ ನೀರು ಇವೆಲ್ಲ ಒಂದೇ ಯೋಜನೆಯ ಭಾಗಗಳಾಗಿದ್ದವು. ನೀರು ಮತ್ತು ಆರೋಗ್ಯ ಕೇಂದ್ರದಿಂದಾದ ಉಪಕಾರವನ್ನು ಯೋಜನೆಯ ಕಟುವಾದ ವಿಮರ್ಶಕರೂ ಅಲ್ಲಗಳೆದಿಲ್ಲ. ಮೀನಿನ ಕತೆ ಬೇರೆ ದಾರಿ ಹಿಡಿಯಿತು. ಬಡ ಮೀನುಗಾರ ಹಿಡಿಯುವ ಮೀನು ಹೆಚ್ಚಬೇಕು, ಸುತ್ತಲಿನ ಜನರಿಗೆ ಅಗ್ಗದ ಮೀನು ಹೆಚ್ಚು ಸಿಗಬೇಕು ಎಂಬುದು ಮೊದಲ ಆಶಯವಾಗಿತ್ತು. ಆದರೆ ಕಡಲತಳವನ್ನು ಬಾಚುವ ಟ್ರಾಲ್ ಬಲೆಗೆ ಸಿಗಡಿ ಸಿಗತೊಡಗಿ, ಶೀತಲೀಕರಿಸಿದ ಸಿಗಡಿಗೆ ಅಮೆರಿಕ ಮತ್ತು ಜಪಾನಿನಲ್ಲಿ ಒಳ್ಳೆಯ ಬೆಲೆ ಬಂದ ಕೂಡಲೇ, 1960ರ ದಶಕದಲ್ಲಿ ಎಲ್ಲವೂ ತಿರುಗಿತು. ಊರಿನ ಊಟಕ್ಕೆಂದು ಬಂದ ಐಸು ರಫ್ತಿನ ಐಸಾಯಿತು. ದೋಣಿ ಕೊಳ್ಳಲು ಸಾಲ ಹುಟ್ಟಿಸಬಲ್ಲವರು, ಕಡಲಿಗಿಳಿಯದ ವ್ಯಾಪಾರಿಗಳೂ ಸೇರಿದಂತೆ, ಒಳಬಂದರು. ಶಕ್ತಿಕುಳಂಗರದಲ್ಲಿ ಒಂದು ವರ್ಗ ನಿಜಕ್ಕೂ ಸಿರಿವಂತವಾಯಿತು. ಕಟ್ಟುಮರ ಮತ್ತು ಹುಟ್ಟು ಹಾಕುವ ದೋಣಿಯವರು ಅದೇ ಕಡಲಿನಲ್ಲಿ ಹಿಂದೆ ಬಿದ್ದರು. ಟ್ರಾಲರುಗಳಿಗೂ ಸಾಂಪ್ರದಾಯಿಕ ಮೀನುಗಾರರಿಗೂ ನಡುವಿನ ಜಗಳ ಕೇರಳದಲ್ಲಿ ಎಷ್ಟು ತೀವ್ರವಾಯಿತೆಂದರೆ, ದೀರ್ಘ ಹೋರಾಟದ ನಂತರ 1988ರಲ್ಲಿ ಸರ್ಕಾರ ಮಳೆಗಾಲದ ಟ್ರಾಲಿಂಗ್ ಮೇಲೆ ನಿಷೇಧ ಹೇರಬೇಕಾಯಿತು.

ಇದನ್ನು ಸೋಲು ಎನ್ನಬೇಕೇ? ದೇಶದ ರಫ್ತಿನ ಲೆಕ್ಕದಲ್ಲಿ ಅದು ದೊಡ್ಡ ಗೆಲುವು. ಭಾರತದ ಸಿಗಡಿ ರಫ್ತಿನ ಉದ್ಯಮ ಬೇರೂರಿದ ಜಾಗಗಳಲ್ಲಿ ನೀಂಡಕರ ಒಂದು. ಯಾರ ಹೆಸರಿನಲ್ಲಿ ಹಣ ಬಂದಿತೋ ಅವರ ಲೆಕ್ಕದಲ್ಲಿ ನೋಡಿದರೆ ಉತ್ತರ ಬೇರೆ. ಓಸ್ಲೋದಿಂದ ಬಂದ ತಜ್ಞರು ಕೆಟ್ಟವರಾಗಿರಲಿಲ್ಲ, ಅವರು ತಂದ ತಂತ್ರ ಸುಳ್ಳಾಗಿರಲಿಲ್ಲ. ಆ ದಡದ ಮೇಲೆ ದೋಣಿ ಯಾರದು, ಸಾಲ ಯಾರ ಕೈಯಲ್ಲಿದೆ, ಮೀನು ಹೊತ್ತು ಮಾರುವ ಹೆಂಗಸರ ಪಾಲೇನು ಎಂಬ ಪ್ರಶ್ನೆಗಳನ್ನು ದೋಣಿಗಿಂತ ಮೊದಲು ಕೇಳಲಿಲ್ಲ, ಅನಾಹುತವಾದದ್ದು ಅಲ್ಲಿ.

ಈಗ ನಿಮ್ಮ ಊರಿನ ವಿಷಯ. 1960ರ ದಶಕದಲ್ಲಿ ಯೋಜನೆ ಕೊಚ್ಚಿ, ಕಣ್ಣೂರು, ತಮಿಳುನಾಡಿನ ಮಂಡಪಂ ಮತ್ತು ಅಂದಿನ ಮೈಸೂರು ರಾಜ್ಯದ ಕಾರವಾರಕ್ಕೆ ವಿಸ್ತರಿಸಿತು. 1972ರಲ್ಲಿ ನಾರ್ವೆ ಹಿಂದೆ ಸರಿದು ಭಾರತ ಸರ್ಕಾರವೇ ಅದನ್ನು ಮುಂದುವರಿಸಿತು. ರಂಪಣಿಯ ಅವನತಿಗೆ ಈ ಕೇಂದ್ರವೇ ಕಾರಣ ಎಂಬ ನಿಮ್ಮ ಮಾತನ್ನು ಮಾತ್ರ ನಾನು ಹಾಗೆಯೇ ಒಪ್ಪಲಾರೆ. ನೂರಾರು ಮೀಟರ್ ಉದ್ದದ ಬಲೆಯನ್ನು ದೋಣಿಯಲ್ಲಿ ಒಯ್ದು ಬಂಗುಡೆ, ತಾರ್ಲೆಯ ಹಿಂಡನ್ನು ಸುತ್ತುವರಿದು, ಎರಡೂ ತುದಿಯ ಹಗ್ಗ ಹಿಡಿದು ಊರಿನ ಹತ್ತಾರು ಜನ ದಡಕ್ಕೆ ಎಳೆದು, ಸಿಕ್ಕಿದ್ದನ್ನು ಪಾಲು ಮಾಡಿಕೊಳ್ಳುವ ಆ ಪದ್ಧತಿಗೆ ಬಲವಾದ ಪೆಟ್ಟು ಬಿದ್ದದ್ದು 1970ರ ದಶಕದ ನಡುವಿನಲ್ಲಿ, ಮೀನಿನ ಹಿಂಡನ್ನು ಸುತ್ತಿ ಚೀಲದಂತೆ ಬಿಗಿಯುವ ಬಲೆಯ ಪರ್ಸೀನ್ ಬೋಟುಗಳು ಬಂದಾಗ. ಹಿಂಡು ದಡಕ್ಕೆ ಬರುವ ಮೊದಲೇ ಆ ಬೋಟುಗಳು ಅದನ್ನು ಹೊರಗಡಲಲ್ಲೇ ಎತ್ತಿಬಿಟ್ಟವು. ಆ ಬೋಟುಗಳಿಗೆ ಒತ್ತಾಸೆಯಾದದ್ದು ನಮ್ಮದೇ ಸರ್ಕಾರ ಮತ್ತು ನಮ್ಮದೇ ಬ್ಯಾಂಕುಗಳ ಸಾಲ. ಯಂತ್ರ ದೋಣಿಯೇ ಪ್ರಗತಿ, ಹೆಚ್ಚು ಹಿಡಿಯುವುದೇ ಅಭಿವೃದ್ಧಿ ಎಂಬ ಎಣಿಕೆಗೆ ನೀಂಡಕರದಲ್ಲಿ ಬಲ ಬಂದದ್ದು ನಿಜ; ಆದರೆ ಅದನ್ನು ನಮ್ಮ ಕರಾವಳಿಯಲ್ಲಿ ಜಾರಿಗೊಳಿಸಿದ ಹೊಣೆಯನ್ನು ನಾರ್ವೆಯ ತಲೆಗೆ ಕಟ್ಟಿ ನಾವು ಪಾರಾಗುವಂತಿಲ್ಲ.

ನೀಂಡಕರದ ಪಾಠವನ್ನು ನಾರ್ವೆ ಒಮ್ಮೆಗೇ ಕಲಿಯಲಿಲ್ಲ. ಕೀನ್ಯದ ತುರ್ಕಾನಾ ಸರೋವರದ ಬಳಿ ತಲೆಮಾರುಗಳಿಂದ ದನ, ಒಂಟೆ, ಆಡು ಸಾಕಿಕೊಂಡು ಬಂದ ಜನರಿಗೆ ಮೀನುಗಾರಿಕೆ ಕಲಿಸಲು ಹೊರಟು, 1980ರ ದಶಕದ ಆರಂಭದಲ್ಲಿ ಅಲ್ಲಿನ ಮರಳುಗಾಡಿನಂಥ ದಡದಲ್ಲಿ ಮೀನು ಶೀತಲೀಕರಿಸುವ ದೊಡ್ಡ ಘಟಕವನ್ನು ಅದು ಕಟ್ಟಿಸಿತು. ಮೀನನ್ನು ತಣ್ಣಗಿಡುವ ಖರ್ಚೇ ಮೀನಿನ ಬೆಲೆಯನ್ನು ಮೀರಿತು, ಸರೋವರದ ಕೊಲ್ಲಿಯೂ ಬತ್ತಿಹೋಯಿತು. ಘಟಕ ಕೆಲವೇ ದಿನ ನಡೆದು ನಿಂತಿತು. ನೆರವಿನ ವೈಫಲ್ಯದ ಬಗ್ಗೆ ಬರೆಯುವವರು ಇಂದಿಗೂ ಮೊದಲು ಉದಾಹರಿಸುವುದು ಇದನ್ನೇ.

ಸರಕು ಮಾರುವ ದಾರಿ ಎಂಬ ನಿಮ್ಮ ಆರೋಪಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇರೆಡೆ ಇದೆ. 1976ರಿಂದ 1980ರವರೆಗೆ ನಾರ್ವೆಯ ಹಡಗುಕಟ್ಟೆಗಳಿಗೆ ಬೇಡಿಕೆ ಇಲ್ಲದೆ ಕಾರ್ಮಿಕರು ಬೀದಿಗೆ ಬೀಳುವ ಸ್ಥಿತಿ ಬಂದಾಗ, ಸರ್ಕಾರ ಬಡ ದೇಶಗಳಿಗೆ ಸಾಲ ಕೊಟ್ಟು, ಅಭಿವೃದ್ಧಿಯ ಹೆಸರಿನಲ್ಲಿ ಹಡಗು ಮಾರಿತು. ಕೊಂಡವರಿಗೆ ಆ ಹಡಗುಗಳು ಬೇಕಿದ್ದವೇ, ಅವರು ಸಾಲ ತೀರಿಸಬಲ್ಲರೇ ಎಂದು ಸರಿಯಾಗಿ ನೋಡಲಿಲ್ಲ. ಈಕ್ವೆಡಾರ್, ಪೆರು, ಜಮೈಕಾ, ಈಜಿಪ್ಟ್, ಸಿಯೆರಾ ಲಿಯೋನ್ ದೇಶಗಳು ದಶಕಗಳ ಕಾಲ ಆ ಸಾಲ ಹೊತ್ತವು. ನಾರ್ವೆಯ ನಾಗರಿಕ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ, 2006ರ ಅಕ್ಟೋಬರ್‌ನಲ್ಲಿ ಆಗಿನ ಅಭಿವೃದ್ಧಿ ಸಚಿವ ಎರಿಕ್ ಸೋಲ್ಹೈಮ್ ಅವರು ಸುಮಾರು 52 ಕೋಟಿ ಕ್ರೋನ್ ಸಾಲವನ್ನು ಯಾವ ಷರತ್ತೂ ಇಲ್ಲದೆ ಮನ್ನಾ ಮಾಡುವುದಾಗಿ ಪ್ರಕಟಿಸಿದರು. ಸಾಲ ಕೊಟ್ಟ ದೇಶವೇ ಆ ಸಾಲದ ತಪ್ಪಿನಲ್ಲಿ ತನಗೂ ಪಾಲಿದೆ ಎಂದು ಒಪ್ಪಿಕೊಂಡ ಅಪರೂಪದ ನಿರ್ಧಾರವದು. ಮನ್ನಾ ಮಾಡಿದ ಮೊತ್ತವನ್ನು ನೆರವಿನ ಖಾತೆಗೆ ಸೇರಿಸುವುದಿಲ್ಲ ಎಂದೂ ಆ ಸರ್ಕಾರ ಹೇಳಿತು. ಸೇರಿಸಿದ್ದರೆ ಆ ವರ್ಷದ ಶೇಕಡಾವಾರು ಇನ್ನಷ್ಟು ಚಂದ ಕಾಣುತ್ತಿತ್ತು. ನಾರ್ವೆಯ ಬಗ್ಗೆ ನನಗಿರುವ ಗೌರವಕ್ಕೆ ನೂರಕ್ಕೊಂದರ ಪಾಲಿಗಿಂತ ಈ ನಿರ್ಧಾರವೇ ದೊಡ್ಡ ಕಾರಣ.

ಪಡೆಯುವವರನ್ನು ಕೇಳಿ ಕೊಡುವುದು ಹೇಗಿರಬಹುದು ಎಂಬುದಕ್ಕೂ ನಮ್ಮ ದೇಶದಲ್ಲೇ ಉದಾಹರಣೆಯಿದೆ. 2003ರಲ್ಲಿ ಭಾರತ ಸರ್ಕಾರ ಕೆಲವೇ ದೊಡ್ಡ ದೇಶಗಳನ್ನು ಬಿಟ್ಟು ಉಳಿದ ಸಣ್ಣ ದಾನಿಗಳ ನೇರ ಸರ್ಕಾರಿ ನೆರವು ಇನ್ನು ಬೇಡ ಎಂದಿತು. ಮೂರು ವರ್ಷದ ನಂತರ, ಮಕ್ಕಳ ಸಾವಿನ ಪ್ರಮಾಣ ತಗ್ಗಿಸಲು ಭಾರತ–ನಾರ್ವೆ ಸಹಭಾಗಿತ್ವವೊಂದು ಬಿಹಾರ, ಒಡಿಶಾ, ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಆರಂಭವಾಯಿತು. ಅದು ತನ್ನದೇ ಬೇರೆ ಆಸ್ಪತ್ರೆ ಕಟ್ಟಲಿಲ್ಲ. ನಮ್ಮ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಳಗೇ ಸೇರಿಕೊಂಡು, ಸರ್ಕಾರಿ ವ್ಯವಸ್ಥೆ ಸುಲಭವಾಗಿ ಹಣ ಹಾಕಲಾಗದ ಸಣ್ಣ ಜಾಗಗಳಿಗೆ ಹಣ ಹಾಕಿತು. ಜಿಲ್ಲಾ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಯಶೋದಾ ಎಂಬ ಹೆಸರಿನ ಸಹಾಯಕಿಯರನ್ನು ನೇಮಿಸಿದ್ದು ಇದರಲ್ಲೊಂದು. ದಾದಿಯರಿಗೆ ಪುರುಸೊತ್ತಿಲ್ಲದ ಆ ವಾರ್ಡಿನಲ್ಲಿ ಬಾಣಂತಿಯ ಪಕ್ಕ ಕುಳಿತು ಮೊದಲ ಹಾಲು ಕುಡಿಸಲು ನೆರವಾಗುವುದು, ಮಗುವನ್ನು ಬೆಚ್ಚಗೆ ಸುತ್ತುವುದನ್ನು ಹೇಳಿಕೊಡುವುದು, ಮನೆಗೆ ಹೋದ ಮೇಲೆ ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂದು ತಿಳಿಸುವುದು ಅವರ ಕೆಲಸ. ನೀಂಡಕರದ ದೋಣಿಗೆ ಹೋಲಿಸಿದರೆ ಇದಕ್ಕೆ ತಗಲುವ ವೆಚ್ಚ ಅಲ್ಪ; ಆದರೆ ಏನು ಬೇಕು ಎಂಬುದನ್ನು ಆ ವಾರ್ಡನ್ನು ಬಲ್ಲವರು ಹೇಳಿದ್ದರು. ಕಾಡು ಕಡಿಯುವುದು ಕಡಿಮೆಯಾದ ಮೇಲೆ ಮಾತ್ರ ಹಣ ಎಂಬ ಕರಾರಿನಲ್ಲಿ 2008ರಿಂದ ಬ್ರೆಜಿಲ್‌ನ ಅಮೆಜಾನ್ ನಿಧಿಗೆ ನಾರ್ವೆ ಕೊಡುತ್ತಾ ಬಂದದ್ದೂ ಇದೇ ಜಾತಿಯದು. ಅಲ್ಲಿ ಕೆಲಸ ಹೇಗೆ ನಡೆಯಬೇಕೆಂದು ತೀರ್ಮಾನಿಸುವುದು ಬ್ರೆಜಿಲ್. ಅಲ್ಲಿನ ಸರ್ಕಾರ 2019ರಲ್ಲಿ ನಿಧಿಯ ಆಡಳಿತ ವ್ಯವಸ್ಥೆಯನ್ನು ಕಿತ್ತುಹಾಕಿದಾಗ ನಾರ್ವೆ ಹಣ ನಿಲ್ಲಿಸಿತು, 2023ರಲ್ಲಿ ನಿಧಿ ಮತ್ತೆ ಜೀವ ಪಡೆಯಿತು.

ಜಗತ್ತೆಲ್ಲ ನೆರವು ಕಡಿತ ಮಾಡುತ್ತಿರುವಾಗ ಕರ್ನಾಟಕದ ಓದುಗರಿಗೆ ಇದರ ಗೊಡವೆ ಏಕೆ ಎಂದೂ ನೀವು ಕೇಳಿದ್ದೀರಿ. ಕಡಿತ ನಡೆಯುತ್ತಿದೆ ಎಂಬುದೇ ಒಂದು ಕಾರಣ. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈಯಲ್ಲಿ ಬಾಗಿಲು ಮುಚ್ಚಿತು. ಬ್ರಿಟನ್ ತನ್ನ ಪಾಲನ್ನು 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ ಹೇಳಿದೆ. ನೂರಕ್ಕೊಂದನ್ನು ಕೊಡುತ್ತಿದ್ದ ಸ್ವೀಡನ್ ಆ ಗುರಿಯನ್ನೇ ಕೈಬಿಟ್ಟಿದೆ. ನಾರ್ವೆಯಲ್ಲೂ 2025ರ ಚುನಾವಣೆಯಲ್ಲಿ ಎರಡನೇ ಸ್ಥಾನಕ್ಕೇರಿದ ಪ್ರೋಗ್ರೆಸ್ ಪಕ್ಷ ನೆರವನ್ನು ದೊಡ್ಡ ಪ್ರಮಾಣದಲ್ಲಿ ತಗ್ಗಿಸಬೇಕು ಎನ್ನುತ್ತಿದೆ. ನೆರವಿನ ತಪ್ಪುಗಳನ್ನು ಪಟ್ಟಿ ಮಾಡುವ ನಮ್ಮಂಥವರ ಬರಹಗಳು ಇಂಥ ಕಡಿತಕ್ಕೆ ಸಮರ್ಥನೆಯಾಗಿ ಬಳಕೆಯಾಗುವ ಅಪಾಯವಿದೆ ಎಂಬುದು ನನಗೆ ಗೊತ್ತು. ಅದಕ್ಕಾಗಿಯೇ ಸ್ಪಷ್ಟವಾಗಿ ಹೇಳುತ್ತೇನೆ, ನೀಂಡಕರದ ಅನುಭವ ಕೇಳಿ ಕೊಡಬೇಕು ಎಂಬುದಕ್ಕೆ ಸಾಕ್ಷಿ, ಕೊಡಬಾರದು ಎಂಬುದಕ್ಕಲ್ಲ. ಲಸಿಕೆಗಾಗಿ ಇರುವ ಗಾವಿ ಒಕ್ಕೂಟಕ್ಕೆ 2000ದಿಂದ ನಾರ್ವೆ ಕೊಡುತ್ತಾ ಬಂದ ಹಣ ನಿಂತರೆ ಅದರ ಬೆಲೆ ತೆರುವವರು ಲಸಿಕೆ ಸಿಗದ ಕೂಸುಗಳು.

ಇನ್ನೊಂದು ಕಾರಣ, ನಾವೂ ಈಗ ಕೊಡುವವರಾಗಿದ್ದೇವೆ. 1964ರಿಂದ ನಡೆಯುತ್ತಿರುವ ಐಟೆಕ್ ಕಾರ್ಯಕ್ರಮದಡಿ ಆಫ್ರಿಕಾ, ಏಷ್ಯಾದ ಸರ್ಕಾರಿ ನೌಕರರೂ ತಂತ್ರಜ್ಞರೂ ಭಾರತಕ್ಕೆ ತರಬೇತಿಗೆ ಬರುತ್ತಾರೆ. ಭೂತಾನದ ಜಲವಿದ್ಯುತ್ ಯೋಜನೆಗಳಿಂದ ಹಿಡಿದು ನೆರೆಹೊರೆಯ ರಸ್ತೆ, ಆಸ್ಪತ್ರೆಗಳವರೆಗೆ ನಮ್ಮ ತೆರಿಗೆಯ ಹಣ ಹೋಗುತ್ತಿದೆ. ನಾರ್ವೆ ತನ್ನ ನೆರವಿನ ಪ್ರತಿ ಯೋಜನೆಯ ಮೊತ್ತವನ್ನೂ ಯಾರು ಬೇಕಾದರೂ ನೋಡಬಹುದಾದಂತೆ ಪ್ರಕಟಿಸುತ್ತದೆ, ಸ್ವತಂತ್ರ ಮೌಲ್ಯಮಾಪನ ಮಾಡಿಸಿ ತನ್ನ ವಿರುದ್ಧದ ವರದಿಗಳನ್ನೂ ಬಹಿರಂಗಪಡಿಸುತ್ತದೆ. ನಮ್ಮ ಹಣ ಹೋದ ಕಡೆ ಏನಾಯಿತು ಎಂದು ಅಷ್ಟೇ ನಿಷ್ಠುರವಾಗಿ ನಮ್ಮ ಸರ್ಕಾರವನ್ನು ಕೇಳುವ ಅಭ್ಯಾಸ ನಮ್ಮ ಪತ್ರಿಕೆಗಳಿಗಾಗಲಿ ಓದುಗರಿಗಾಗಲಿ ಇನ್ನೂ ಬಂದಿಲ್ಲ, ಬರಬೇಕು.

ನಿಮ್ಮ ತಂದೆಯವರು ರಂಪಣಿಯ ಹಗ್ಗ ಎಳೆದವರು ಎಂದು ಬರೆದಿದ್ದೀರಿ. 1960ರ ದಶಕದ ಕಾರವಾರದ ಆ ಕೇಂದ್ರದ ಬಗ್ಗೆ ಸಿಗುವ ಬರಹಗಳೆಲ್ಲ ಬಹುಪಾಲು ಯೋಜನೆ ನಡೆಸಿದವರವು. ಅಲ್ಲಿ ದೋಣಿ ನಡೆಸಲು ಕಲಿತವರು, ಸಾಲದ ಬೋಟು ಕೊಂಡವರು, ಕೊಳ್ಳಲಾಗದೆ ಉಳಿದವರು, ಬುಟ್ಟಿ ಹೊತ್ತು ಮೀನು ಮಾರಿದ ಹೆಂಗಸರು ಇನ್ನೂ ನಿಮ್ಮ ನಡುವೆ ಇದ್ದರೆ ಅವರ ಮಾತುಗಳನ್ನು ಬರೆದು ಕಳುಹಿಸಿ. ಬರೆಯಲಾಗದವರ ಮಾತನ್ನು ಕೇಳಿ ಬರೆದುಕೊಳ್ಳಲು ನಮ್ಮ ಕಡೆಯಿಂದ ಒಬ್ಬರನ್ನು ಕಳುಹಿಸುತ್ತೇವೆ. ಬಂದದ್ದನ್ನು ಮುಂಬರುವ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ